ಟೊಂಕದಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೋ ಇಲ್ಲವೋ: ಈ ಪ್ರಶ್ನೆ ಇಷ್ಟು ದೊಡ್ಡದಾದದ್ದು ಹೇಗೆ?

ಹೊನ್ನಾವರದ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ತಲೆ ಕೆಡುತ್ತದೆ. ಒಂದು ದಿನ ಕಾಸರಕೋಡು ಟೊಂಕದ ದಂಡೆಯಲ್ಲಿ ಅರಣ್ಯ ಇಲಾಖೆಯವರು ಕಡಲಾಮೆಯ ಮೊಟ್ಟೆಗಳ ಸುತ್ತ ಬೇಲಿ ಕಟ್ಟಿದ ಫೋಟೊ ಬರುತ್ತದೆ. ಇನ್ನೊಂದು ದಿನ ಅದೇ ಟೊಂಕದಲ್ಲಿ ಬಂದರಿನ ರಸ್ತೆಗೆ ಸರ್ವೆ, ಸುತ್ತಲೂ ಪೊಲೀಸರು, ಪ್ರತಿಭಟನೆಗೆ ಕಡಲಿಗೇ ಇಳಿದ ಮೀನುಗಾರ ಮಹಿಳೆಯರು. 2025ರ ಫೆಬ್ರುವರಿಯಲ್ಲಿ ಹೀಗೇ ನಿಷೇಧಾಜ್ಞೆ, ಬಂಧನಗಳವರೆಗೂ ಹೋಯಿತು. ಅದೇ ಕಾಸರಕೋಡಿನಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಗುರುತು ಪಡೆದ ಬೀಚ್ ಇದೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಹೋದರೆ ಅಪ್ಸರಕೊಂಡ. ಅಲ್ಲಿ ರಾಜ್ಯದ ಮೊದಲ ಸಾಗರ ವನ್ಯಜೀವಿ ಧಾಮ.

ಹಾಗಾದರೆ ಸರ್ಕಾರ ಈ ದಂಡೆಯನ್ನು ಉಳಿಸುತ್ತಿದೆಯೋ, ಬಂದರಿಗೆ ಬಿಟ್ಟುಕೊಡುತ್ತಿದೆಯೋ? ಎರಡೂ ಮಾಡುತ್ತಿದೆ. ಬೇರೆ ಬೇರೆ ಇಲಾಖೆ, ಬೇರೆ ಬೇರೆ ಕಡತ. ಈ ಕಡತಗಳೆಲ್ಲ ಬಂದು ಡಿಕ್ಕಿ ಹೊಡೆದಿರುವುದು ಮಾತ್ರ ಒಂದೇ ಪ್ರಶ್ನೆಗೆ: ಟೊಂಕದಲ್ಲಿ ಆಮೆ ಮೊಟ್ಟೆ ಇಡುತ್ತದೋ ಇಲ್ಲವೋ?

ಜಗಳ ಇರುವುದು ಜಾಗದ ಬಗ್ಗೆ, ಮೀನಿನ ಬಗ್ಗೆ, ಮನೆಗಳ ಬಗ್ಗೆ. ಆದರೂ ಸಾಕ್ಷಿ ಕಟ್ಟೆಗೆ ಬಂದು ನಿಂತಿರುವುದು ಆಮೆ. ಇದು ಹೇಗಾಯಿತು ಅಂತ ಬಿಡಿಸಿ ನೋಡಿದರೆ ಇಡೀ ಕರಾವಳಿಯ ಕಥೆ ಅರ್ಥವಾಗುತ್ತದೆ.

ನದಿ ಕಟ್ಟಿದ ಜಾಗ

ಟೊಂಕ ಇರುವುದು ಶರಾವತಿ ಕಡಲು ಸೇರುವ ಕಡೆ, ಅಳಿವೆಯ ದಕ್ಷಿಣಕ್ಕೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಮರಳಿನ ಪಟ್ಟಿ. ಹೊಳೆ ತಂದ ಮರಳನ್ನು ಅಲೆಗಳು ಹರಡಿ ಹರಡಿ ಆದ ನೆಲ ಇದು. ಅಳಿವೆಯ ಬಾಯಿ ಕೂಡ ಒಂದೇ ಕಡೆ ನಿಲ್ಲುವುದಿಲ್ಲ. ಮರಳು ತುಂಬಿದಂತೆ ಅತ್ತಿತ್ತ ಸರಿಯುತ್ತದೆ. ದೋಣಿಯವರಿಗೆ ಇದು ಹಳೆಯ ತಲೆನೋವು.

ಈ ಮರಳ ಮೇಲೆ ಮೀನುಗಾರರ ಮನೆಗಳಿವೆ, ದೋಣಿ ಎಳೆದು ನಿಲ್ಲಿಸುವ ಜಾಗವಿದೆ, ಬಲೆ ಸರಿಪಡಿಸುವ ಜಾಗವಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಮೀನು ಒಣಗಿಸುವ ಬಯಲಿದೆ. ಒಣಮೀನಿನ ಕೆಲಸ ಬಹುತೇಕ ಹೆಂಗಸರದ್ದು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದಿದ್ದಾಗ ಕರಾವಳಿಯ, ಘಟ್ಟದ ಮೇಲಿನ ಎಷ್ಟೋ ಅಡುಗೆಮನೆಗಳಿಗೆ ಹೋಗುವುದು ಇಂಥ ಬಯಲಲ್ಲಿ ಒಣಗಿದ ಮೀನೇ. ಇದಕ್ಕೆ ಬೇಕಾದ ಬಂಡವಾಳ ಬಿಸಿಲು, ಗಾಳಿ, ಅಗಲವಾದ ಖಾಲಿ ಮರಳು. ಮೂರನೆಯದು ಹೋದರೆ ಮೊದಲೆರಡು ಇದ್ದೂ ಪ್ರಯೋಜನವಿಲ್ಲ.

ಬಂದರಿನ ಯೋಜನೆ ಶುರುವಾದದ್ದು 2010ರ ಹೊತ್ತಿಗೆ. ಸುಮಾರು 44 ಹೆಕ್ಟೇರ್ ಜಾಗ ಖಾಸಗಿ ಕಂಪನಿಗೆ ಗುತ್ತಿಗೆಗೆ ಹೋಯಿತು. 2012ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಬಂದರಿನಿಂದ ರಾಷ್ಟ್ರೀಯ ಹೆದ್ದಾರಿಗೆ ರಸ್ತೆ ಬೇಕು, ಆ ರಸ್ತೆ ದಂಡೆಯ ಮೇಲೇ ಬರಬೇಕು. ಜನರ ವಿರೋಧ ಜೋರಾದದ್ದು ಈ ರಸ್ತೆಯ ಕೆಲಸ ಶುರುವಾದಾಗ. ಬಂದರು ಅನ್ನುವುದು ಕಾಗದದ ಮೇಲೆ ಬಹಳ ವರ್ಷ ಇರಬಹುದು. ಜೆಸಿಬಿ ಬಂದು ಒಣಮೀನಿನ ಶೆಡ್ಡಿನ ಮುಂದೆ ನಿಂತಾಗ ಮಾತ್ರ ಅದು ನಿಜವಾಗುತ್ತದೆ.

ಭಾರವೆಲ್ಲ ಆಮೆಯ ಮೇಲೇ ಯಾಕೆ?

ಉತ್ತರ ಕಾನೂನಿನಲ್ಲಿದೆ.

ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ಅಧಿಸೂಚನೆ ಮೊದಲು ಬಂದದ್ದು 1991ರಲ್ಲಿ. 2011ರಲ್ಲಿ ಹೊಸದಾಗಿ ಬರೆದರು, 2019ರಲ್ಲಿ ಮತ್ತೆ ಬರೆದರು. ಪ್ರತಿ ಸಲ ಬರೆದಾಗಲೂ ಕಟ್ಟಡಗಳಿಗೆ ಸ್ವಲ್ಪ ಸ್ವಲ್ಪ ಜಾಗ ಸಿಗುತ್ತಾ ಬಂದಿದೆ. 2011ರಲ್ಲಿ ಗ್ರಾಮೀಣ ದಂಡೆಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಅವಕಾಶ ಇರಲಿಲ್ಲ. 2019ರಲ್ಲಿ, ಜನಸಂಖ್ಯೆ ಜಾಸ್ತಿ ಇರುವ ಗ್ರಾಮಗಳಿಗೆ ಇದು 50 ಮೀಟರಿಗೆ ಇಳಿಯಿತು. ಜಾಸ್ತಿ ಅಂದರೆ ಎಷ್ಟು? 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ.

ಇಷ್ಟೆಲ್ಲ ಸಡಿಲವಾದರೂ ಒಂದು ವರ್ಗ ಗಟ್ಟಿಯಾಗಿ ಉಳಿದಿದೆ. ಅದರ ಹೆಸರು ಸಿಆರ್‌ಝಡ್ 1ಎ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹವಳದ ದಿಬ್ಬ, ಮರಳ ದಿನ್ನೆ, ಹಕ್ಕಿಗಳು ಗೂಡು ಕಟ್ಟುವ ಜಾಗ, ಆಮೆ ಮೊಟ್ಟೆ ಇಡುವ ಜಾಗ, ಇವೆಲ್ಲ ಈ ಪಟ್ಟಿಯಲ್ಲಿವೆ. ಇಲ್ಲಿ ಹೊಸ ಕಾಮಗಾರಿಗೆ ಬಾಗಿಲು ಬಹುತೇಕ ಮುಚ್ಚಿದೆ.

ಮೀನು ಒಣಗಿಸುವ ಬಯಲು? ಅದೂ ಕಾನೂನಿನಲ್ಲಿ ಬರುತ್ತದೆ, ಆದರೆ ಬೇರೆ ರೀತಿ. ಮೀನುಗಾರರು ದಂಡೆಯಲ್ಲಿ ಮೀನು ಒಣಗಿಸಬಹುದು, ದೋಣಿ ಕಟ್ಟಬಹುದು ಎಂದು ಅನುಮತಿ ಇದೆ. ಅದು ಅನುಮತಿ ಅಷ್ಟೇ. ನಾಳೆ ಆ ಜಾಗಕ್ಕೆ ಬೇರೆ ಯೋಜನೆ ಬಂದರೆ ತಡೆಯುವ ಬಲ ಅದಕ್ಕಿಲ್ಲ. ತಲೆಮಾರುಗಳಿಂದ ಬಳಸಿದ ಮರಳಿಗೆ ಪಹಣಿ, ಪಟ್ಟಾ ಇರುವವರು ಎಷ್ಟು ಜನ?

ಈಗ ಲೆಕ್ಕ ಹಾಕಿ ನೋಡಿ. ನ್ಯಾಯಾಲಯಕ್ಕೆ ಹೋದ ಮೀನುಗಾರ "ಇದು ನಮ್ಮ ಮೀನು ಒಣಗಿಸುವ ಜಾಗ" ಎಂದರೆ ಪರಿಹಾರದ ಮಾತು ಶುರುವಾಗುತ್ತದೆ. "ಇಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ" ಎಂದರೆ ಕೆಲಸ ನಿಲ್ಲಬಹುದು. ವಕೀಲರು ಯಾವ ವಾದ ಹಿಡಿಯುತ್ತಾರೆ ಅಂತ ಹೇಳಬೇಕಿಲ್ಲ ಅಲ್ವಾ? ಇದರಲ್ಲಿ ಮೋಸವೇನೂ ಇಲ್ಲ. ಆಮೆ ನಿಜವಾಗಿಯೂ ಬರುತ್ತದೆ. ಆದರೆ ಇಡೀ ಊರಿನ ಅಹವಾಲು ಆಮೆಯ ಬೆನ್ನ ಮೇಲೆ ಕೂತಿತು. ಆಮೆ ಇಲ್ಲ ಎಂದು ಯಾರಾದರೂ ಹೇಳಿದರೆ ಊರಿನ ಅಹವಾಲೂ ಅದರ ಜೊತೆಗೇ ಬಿದ್ದುಹೋಗುವ ಸ್ಥಿತಿ ಬಂತು.

ಹೆಚ್ಚುಕಡಿಮೆ ಹಾಗೇ ಆಯಿತು. ಯೋಜನೆಯ ಜಾಗ ಆಮೆಗಳು ಮೊಟ್ಟೆ ಇಡುವ ತಾಣವಲ್ಲ ಎಂಬ ತಜ್ಞರ ವರದಿ ಹೈಕೋರ್ಟ್ ಮುಂದೆ ಬಂತು. 2021ರಲ್ಲಿ ಯೋಜನೆಯ ವಿರುದ್ಧದ ಅರ್ಜಿ ವಜಾ ಆಯಿತು. ಇತ್ತ ದಂಡೆಯಲ್ಲಿ ಗೂಡುಗಳು ಸಿಗುವುದು, ಅರಣ್ಯ ಇಲಾಖೆ ಬೇಲಿ ಹಾಕುವುದು ಮುಂದುವರಿದಿದೆ. ಓದುಗರಿಗೆ ಗೊಂದಲ ಆಗಿರುವುದು ಇಲ್ಲೇ.

"ಇಲ್ಲ" ಅನ್ನಲು ಎಷ್ಟು ದಿನ ಕಾಯಬೇಕು?

ಇಲ್ಲಿಗೆ ಬರುವುದು ಆಲಿವ್ ರಿಡ್ಲೆ ಕಡಲಾಮೆ. ಒಡಿಶಾದ ಗಹಿರಮಠ, ಋಷಿಕುಲ್ಯಾ ದಂಡೆಗಳಲ್ಲಿ ಇವು ಲಕ್ಷಗಟ್ಟಲೆ ಒಟ್ಟಿಗೆ ಬರುತ್ತವೆ. 2025ರಲ್ಲಿ ಋಷಿಕುಲ್ಯಾ ಒಂದರಲ್ಲೇ ಸುಮಾರು 7 ಲಕ್ಷ ಆಮೆಗಳು ಮೊಟ್ಟೆ ಇಟ್ಟವು. ನಮ್ಮ ಕರಾವಳಿಯಲ್ಲಿ ಹಾಗಿಲ್ಲ. ಇಲ್ಲಿ ಒಂದು, ಅಲ್ಲಿ ಒಂದು. ಕಾರವಾರದ ಕಡೆ ಕೆಲವು, ಹೊನ್ನಾವರದ ಕಡೆ ಕೆಲವು. ಮಂಗಳೂರಿನ ಹತ್ತಿರದ ಸಸಿಹಿತ್ಲು, ತಣ್ಣೀರುಬಾವಿಗಳಲ್ಲಿ 2024ರ ಆರಂಭದಲ್ಲಿ ಗೂಡು ಸಿಕ್ಕಾಗ ಅದೇ ದೊಡ್ಡ ಸುದ್ದಿಯಾಗಿತ್ತು.

ಹೆಣ್ಣಾಮೆ ರಾತ್ರಿ ಹೊತ್ತು ದಂಡೆಗೆ ಬರುತ್ತದೆ. ಉಬ್ಬರದ ನೀರು ಮುಟ್ಟದ ಕಡೆ ಒಂದೂವರೆ ಅಡಿಯಷ್ಟು ಆಳದ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಮರಳು ಮುಚ್ಚಿ, ಬೆಳಗಾಗುವ ಮೊದಲು ವಾಪಸ್. ಮರಳ ಮೇಲೆ ಉಳಿಯುವುದು ಅದು ತೆವಳಿದ ಗುರುತು ಮಾತ್ರ. ಬಿಸಿಲೇರಿ ಗಾಳಿ ಬೀಸಿದರೆ ಅದೂ ಹೋಗುತ್ತದೆ. ಗುರುತು ಕಂಡ ಮನುಷ್ಯನೋ ನಾಯಿಯೋ ಗೂಡು ಅಗೆದರೆ ಮೊಟ್ಟೆಯೂ ಹೋಗುತ್ತದೆ. ನಮ್ಮ ಕಡೆ ಇವು ಬರುವ ಕಾಲ ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ. 45ರಿಂದ 60 ದಿನಕ್ಕೆ ಮರಿಗಳು ಹೊರಬರುತ್ತವೆ.

ಹೀಗಿರುವಾಗ ಒಂದು ದಂಡೆಯಲ್ಲಿ ಗೂಡು "ಇದೆ" ಅನ್ನಲು ಒಂದು ಗೂಡು ಸಾಕು. "ಇಲ್ಲ" ಅನ್ನಲು ಸರಿಯಾದ ತಿಂಗಳುಗಳಲ್ಲಿ, ದಿನಾ ಬೆಳಗಿನ ಜಾವ, ಹಲವು ವರ್ಷ ನಡೆಯಬೇಕು. ಹಗಲು ಹೊತ್ತಿನ ಒಂದೆರಡು ದಿನಗಳ ಭೇಟಿಯಿಂದ ಆಗುವ ಕೆಲಸ ಅದಲ್ಲ.

ಇನ್ನೊಂದು ತೊಡಕಿದೆ. ಅಧಿಸೂಚನೆಯ ಪಟ್ಟಿಯಲ್ಲಿ ಇರುವುದು ಆಮೆ ಮೊಟ್ಟೆ ಇಡುವ ತಾಣ ಎಂಬ ಮಾತು ಮಾತ್ರ. ವರ್ಷಕ್ಕೆ ಎಷ್ಟು ಗೂಡು ಸಿಕ್ಕರೆ ಅದು ತಾಣ ಎಂಬ ಲೆಕ್ಕ ಅಲ್ಲಿಲ್ಲ. ಹಾಗಾಗಿ "ಅಲ್ಲೊಂದು ಇಲ್ಲೊಂದು ಮೊಟ್ಟೆ ಇಟ್ಟ ಮಾತ್ರಕ್ಕೆ ತಾಣವೇ?" ಎಂದು ಒಂದು ಕಡೆಯವರು ಕೇಳಬಹುದು. "ಒಡಿಶಾದ ಅಳತೆಗೋಲು ಹಿಡಿದು ಹೊನ್ನಾವರ ಅಳೆದರೆ ಏನು ಸಿಗುತ್ತದೆ?" ಎಂದು ಇನ್ನೊಂದು ಕಡೆಯವರೂ ಕೇಳಬಹುದು. ಎರಡನೆಯ ಮಾತಿನಲ್ಲೇ ಹುರುಳು ಜಾಸ್ತಿ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿದೆ, ಹುಲಿಯ ಸಾಲಿನಲ್ಲೇ. ಕಡಿಮೆ ಹುಲಿ ಇರುವ ಕಾಡನ್ನು ಯಾರೂ ಹುಲಿ ಇಲ್ಲದ ಕಾಡು ಅನ್ನುವುದಿಲ್ಲ.

ಮರಳಿನ ಲೆಕ್ಕಾಚಾರ

ಆಮೆಯ ಗಲಾಟೆಯಲ್ಲಿ ಮುಚ್ಚಿಹೋದದ್ದು ಮರಳಿನ ವಿಷಯ. ನಿಜವಾಗಿ ಮೊದಲು ಕೇಳಬೇಕಾದದ್ದು ಅದನ್ನೇ.

ದಂಡೆ ಅಂದರೆ ಗಟ್ಟಿ ನೆಲ ಅಂದುಕೊಳ್ಳುತ್ತೇವೆ. ಅದು ಬ್ಯಾಂಕ್ ಖಾತೆ ಇದ್ದ ಹಾಗೆ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಕಿತ್ತು ಕಡಲೊಳಗೆ ಸ್ವಲ್ಪ ದೂರದಲ್ಲಿ ಗುಡ್ಡೆ ಹಾಕುತ್ತವೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ನಿಧಾನಕ್ಕೆ ವಾಪಸ್ ತಂದು ಹಾಕುತ್ತವೆ. ಜುಲೈನಲ್ಲಿ ಕಾಣೆಯಾದ ದಂಡೆ ಜನವರಿಗೆ ಮತ್ತೆ ಹಾಜರ್. ಇದರ ಜೊತೆಗೆ ದಂಡೆಯ ಉದ್ದಕ್ಕೂ ಮರಳು ಅತ್ತಿಂದಿತ್ತ ಸಾಗುತ್ತಿರುತ್ತದೆ. ಹೊಸ ಜಮಾ ಬರುವುದು ನದಿಗಳಿಂದ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಕೆಳಗೆ ಗೇರುಸೊಪ್ಪ. ಅಣೆಕಟ್ಟೆ ನೀರಿನ ಜೊತೆ ಮರಳನ್ನೂ ಹಿಡಿದಿಡುತ್ತದೆ. ಹೊಳೆಯಲ್ಲಿ ಉಳಿದದ್ದಕ್ಕೆ ಮರಳು ತೆಗೆಯುವವರಿದ್ದಾರೆ. ಅಂದರೆ ಜಮಾ ಮೊದಲೇ ಕಡಿಮೆಯಾಗಿದೆ.

ಈಗ ದಂಡೆಯಿಂದ ಕಡಲೊಳಕ್ಕೆ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಗೋಡೆ ಕಟ್ಟಿದರೆ ಏನಾಗುತ್ತದೆ? ಸಾಗುತ್ತಿದ್ದ ಮರಳು ಒಂದು ಬದಿ ನಿಲ್ಲುತ್ತದೆ. ಇನ್ನೊಂದು ಬದಿಗೆ ಮರಳು ಬರುವುದು ನಿಲ್ಲುತ್ತದೆ, ಅಲೆ ಬರುವುದು ಮಾತ್ರ ನಿಲ್ಲುವುದಿಲ್ಲ. ಚೆನ್ನೈಯನ್ನು ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದರು ಕಟ್ಟಿದ ಮೇಲೆ ದಕ್ಷಿಣದ ಬದಿ ಮರಳು ತುಂಬಿ ಮರೀನಾ ಅಷ್ಟು ಅಗಲವಾಯಿತು. ಉತ್ತರದ ರಾಯಪುರಂ ಕಡೆ ಕಡಲು ಊರನ್ನೇ ತಿನ್ನತೊಡಗಿತು. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಗೋಡೆ ಬಂತು, ಊರಿನ ಮುಂದಿದ್ದ ದಂಡೆ ಹೋಯಿತು. ಅದನ್ನು ವಾಪಸ್ ತರಲು ಕಡಲೊಳಗೆ ಕೃತಕ ದಿಬ್ಬ ಕಟ್ಟಬೇಕಾಯಿತು.

ನಮ್ಮಲ್ಲೇ ಉಳ್ಳಾಲ ಇದೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ ಬ್ರೇಕ್‌ವಾಟರ್, ಅದರ ದಕ್ಷಿಣಕ್ಕೆ ವರ್ಷ ವರ್ಷ ಕಡಲ್ಕೊರೆತ. ಪ್ರತಿ ಮಳೆಗಾಲ ಲಾರಿಗಟ್ಟಲೆ ಕಲ್ಲು ಸುರಿದದ್ದಾಯಿತು. ಕೊನೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲೊಳಗೆ ರೀಫ್, ಅಂದರೆ ಅಂಥದೇ ಕೃತಕ ದಿಬ್ಬ ಕಟ್ಟುವವರೆಗೂ ಹೋಯಿತು.

ಕಲ್ಲಿನ ತಡೆಗೋಡೆ ಹಿಂದಿರುವ ಮನೆಯನ್ನು ಕೆಲವು ಕಾಲ ಉಳಿಸಬಹುದು. ಮುಂದಿರುವ ದಂಡೆಯನ್ನು ಉಳಿಸುವುದಿಲ್ಲ. ಇಳಿಜಾರು ಮರಳಿಗೆ ಬಡಿದ ಅಲೆ ಹರಡಿ ಸುಸ್ತಾಗುತ್ತದೆ. ಕಲ್ಲಿಗೆ ಬಡಿದ ಅಲೆ ಅದೇ ಜೋರಿನಲ್ಲಿ ವಾಪಸ್ ಬಂದು ಕಾಲಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ತುದಿಯಲ್ಲಂತೂ ಕೊರೆತ ಇನ್ನೂ ಜೋರು. ಆಗ ಪಕ್ಕದ ಊರಿನವರು ನಮಗೂ ಗೋಡೆ ಕೊಡಿ ಎನ್ನುತ್ತಾರೆ. ಅವರದು ತಪ್ಪಲ್ಲ.

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ ಲೆಕ್ಕ ಹಾಕಿದೆ. ದೇಶದ ಮುಖ್ಯಭೂಮಿಯ ಕರಾವಳಿಯಲ್ಲಿ ಮೂರನೇ ಒಂದು ಪಾಲು ಕೊರೆತಕ್ಕೆ ಸಿಕ್ಕಿದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಕಾಲು ಪಾಲು. ಕೇರಳ, ಬಂಗಾಳಕ್ಕೆ ಹೋಲಿಸಿದರೆ ನಮ್ಮದು ಪರವಾಗಿಲ್ಲ ಎನ್ನಬಹುದಾದ ಸ್ಥಿತಿ. ಅರ್ಧದಷ್ಟು ದಂಡೆ ಇನ್ನೂ ನೆಟ್ಟಗಿದೆ. ಹೊಸ ಬಂದರುಗಳ ಕಣ್ಣು ಬಿದ್ದಿರುವುದೂ ಈ ಉಳಿದ ದಂಡೆಗಳ ಮೇಲೇ.

ಬಂದರು ಬೇಕು ಎನ್ನುವವರ ವಾದ

ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ದೊಡ್ಡ ಸರಕು ಬಂದರು ಅಂತ ಇರುವುದು ನವಮಂಗಳೂರು ಒಂದೇ. ಉತ್ತರ ಕರ್ನಾಟಕದ ಅದಿರು, ಉಕ್ಕು ಗೋವಾ ಅಥವಾ ಆಂಧ್ರದ ಬಂದರುಗಳ ದಾರಿ ಹಿಡಿಯುತ್ತವೆ. ಉತ್ತರ ಕನ್ನಡದಲ್ಲಿ ದೊಡ್ಡ ಉದ್ಯಮ ಕಡಿಮೆ. ಓದಿದ ಹುಡುಗರು ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ. ಅಳಿವೆಯ ಹೂಳೆತ್ತಿ ಬ್ರೇಕ್‌ವಾಟರ್ ಕಟ್ಟಿದರೆ ಮೀನುಗಾರರ ದೋಣಿಗೂ ಒಳ್ಳೆಯ ದಾರಿಯಾಗುತ್ತದೆ ಎನ್ನುವುದೂ ಈ ವಾದದ ಭಾಗ. ಅಳಿವೆಯ ಮರಳಲ್ಲಿ ದೋಣಿ ಮಗುಚುವುದನ್ನು ಕಂಡವರಿಗೆ ಈ ಮಾತು ತಟ್ಟುತ್ತದೆ.

ಒಡಿಶಾದ ಧಾಮ್ರಾ ಬಂದರನ್ನು ಉದಾಹರಣೆ ಕೊಡುವವರೂ ಇದ್ದಾರೆ. ಗಹಿರಮಠಕ್ಕೆ ಹತ್ತಿರವೇ ಇದ್ದರೂ ದೀಪಗಳ ವಿನ್ಯಾಸ ಬದಲಿಸಿ, ಹೂಳೆತ್ತುವ ಯಂತ್ರಕ್ಕೆ ಆಮೆ ಸಿಕ್ಕದಂತೆ ಸಾಧನ ಕಟ್ಟಿ ಅದನ್ನು ನಡೆಸಲಾಗುತ್ತಿದೆ. ಅಂದರೆ ಎಚ್ಚರಿಕೆ ವಹಿಸಿದರೆ ಎರಡೂ ಒಟ್ಟಿಗೆ ಇರಬಹುದು ಎಂಬುದು ಅವರ ಮಾತು. ಆದರೆ ಧಾಮ್ರಾ ಇರುವುದು ಆಮೆಗಳ ದಂಡೆಯಿಂದ ಕೆಲವು ಕಿಲೋಮೀಟರ್ ದೂರದಲ್ಲಿ. ಟೊಂಕದಲ್ಲಿ ದಂಡೆಯೇ ರಸ್ತೆಯಾಗಬೇಕು. ದೀಪ ಬದಲಿಸಬಹುದು, ಮರಳೇ ಇಲ್ಲದಿದ್ದರೆ ಬದಲಿಸಲು ಏನೂ ಇರುವುದಿಲ್ಲ.

ಮೀನುಗಾರರ ಕಡೆಯಲ್ಲೂ ಒಂದು ಹುಳುಕಿದೆ, ಅದನ್ನು ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಕಡಲಾಮೆ ಸಾಯುವುದು ದಂಡೆಯಲ್ಲಷ್ಟೇ ಅಲ್ಲ, ಯಾಂತ್ರಿಕ ದೋಣಿಗಳು ಎಳೆದೊಯ್ಯುವ ಟ್ರಾಲ್ ಬಲೆಯಲ್ಲಿ ಉಸಿರುಕಟ್ಟಿ ಬಹಳಷ್ಟು ಸಾಯುತ್ತವೆ. ಆಮೆ ತಪ್ಪಿಸಿಕೊಳ್ಳುವಂಥ ಸಾಧನ ಬಲೆಗೆ ಕಟ್ಟುವುದನ್ನು ನಮ್ಮ ಕಡೆ ಹೆಚ್ಚಿನವರು ಮಾಡುವುದಿಲ್ಲ, ಮೀನೂ ಸ್ವಲ್ಪ ಹೋಗುತ್ತದೆ ಎಂಬ ಕಾರಣಕ್ಕೆ. ಇದೇ ಕಾರಣಕ್ಕೆ ಅಮೆರಿಕ ಭಾರತದ ಕಡಲಿನ ಸೀಗಡಿಯನ್ನು ಕೊಳ್ಳುವುದನ್ನು ಕೆಲವು ವರ್ಷಗಳ ಹಿಂದೆಯೇ ನಿಲ್ಲಿಸಿದೆ. ದಂಡೆಯಲ್ಲಿ ಆಮೆಯ ಪರ, ಕಡಲಲ್ಲಿ ಆಮೆಯ ವಿರುದ್ಧ ಎಂಬ ಆರೋಪಕ್ಕೆ ಉತ್ತರ ಕೊಡುವುದು ಕಷ್ಟ. ಒಂದು ಮಾತು ನಿಜ: ಟೊಂಕದಲ್ಲಿ ಮೀನು ಒಣಗಿಸುವ ಹೆಂಗಸರು, ನಾಡದೋಣಿಯವರು, ಟ್ರಾಲರ್ ಮಾಲೀಕರು, ಇವರೆಲ್ಲ ಒಂದೇ ಅಲ್ಲ.

ಬ್ಲೂ ಫ್ಲ್ಯಾಗ್ ಇದೆಯಲ್ಲ?

ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಡೆನ್ಮಾರ್ಕಿನ ಸಂಸ್ಥೆಯಿಂದ ಬ್ಲೂ ಫ್ಲ್ಯಾಗ್ ಸಿಕ್ಕಿತು. ನೀರು ಶುದ್ಧವೇ, ಶೌಚಾಲಯ ಇದೆಯೇ, ಜೀವರಕ್ಷಕರು ಇದ್ದಾರೆಯೇ, ಕಸ ತೆಗೆಯುತ್ತಾರೆಯೇ ಎಂದು 33 ಅಂಶಗಳನ್ನು ನೋಡಿ ಕೊಡುವ ಗುರುತು ಅದು. ಒಳ್ಳೆಯದೇ. ಆದರೆ ಪ್ರವಾಸಿಗೆ ಬೇಕಾದ ದಂಡೆಯೂ ಆಮೆಗೆ ಬೇಕಾದ ದಂಡೆಯೂ ಒಂದೇ ಅಲ್ಲ. ಪ್ರವಾಸಿಗೆ ದೀಪ ಬೇಕು, ಬೆಂಚು ಬೇಕು, ಗುಡಿಸಿದ ಮರಳು ಬೇಕು. ಆಮೆಗೆ ಕತ್ತಲೆ ಬೇಕು. ಮೊಟ್ಟೆಯಿಂದ ಬಂದ ಮರಿ ಬೆಳಕು ಕಂಡ ಕಡೆ ಓಡುತ್ತದೆ. ದೀಪವಿಲ್ಲದ ದಂಡೆಯಲ್ಲಿ ಆ ಬೆಳಕು ಕಡಲಿನದು. ದೀಪವಿರುವ ದಂಡೆಯಲ್ಲಿ ರೆಸಾರ್ಟಿನದು.

ಹಾಗಾಗಿ ಬ್ಲೂ ಫ್ಲ್ಯಾಗ್ ಬಂದ ಮೇಲೆ ದಂಡೆ ರಕ್ಷಣೆಯಾಯಿತು ಎನ್ನುವುದು ಅರ್ಧ ಮಾತು. ಗೋವಾ, ಕೇರಳದಂತೆ ನಮ್ಮಲ್ಲೂ ಬೀಚ್ ಪ್ರವಾಸೋದ್ಯಮ ಬೆಳೆಯಲು ಸಿಆರ್‌ಝಡ್ ಸಡಿಲಿಸಿ ಎಂಬ ಬೇಡಿಕೆ ಪದೇ ಪದೇ ಬರುತ್ತದೆ. ಅಲ್ಲಿಗೂ ಇದೇ ಕಾನೂನು ಎನ್ನುವುದು ಆ ಚರ್ಚೆಯಲ್ಲಿ ಯಾಕೋ ಮರೆತುಹೋಗುತ್ತದೆ.

ಮುಂದೇನಾಗಬಹುದು?

ಟೊಂಕದಲ್ಲಿ ಬಂದರು ಪೂರ್ತಿಯಾದರೆ ಸಾಧ್ಯತೆ ಹೀಗಿದೆ. ರಸ್ತೆ ಬರುತ್ತದೆ, ಮೀನು ಒಣಗಿಸುವ ಬಯಲು ಕಿರಿದಾಗುತ್ತದೆ. ಬ್ರೇಕ್‌ವಾಟರಿನ ಒಂದು ಬದಿ ಮರಳು ಕೂಡುತ್ತದೆ, ಇನ್ನೊಂದು ಬದಿ ಕೊರೆತ ಶುರುವಾಗುತ್ತದೆ. ಕೊರೆತ ರಸ್ತೆಯ ಬುಡಕ್ಕೆ ಬಂದಾಗ ಅದನ್ನು ಉಳಿಸಲು ಕಲ್ಲು ಬೀಳುತ್ತದೆ. ಕಲ್ಲು ಬಿದ್ದಲ್ಲಿ ಆಮೆ ಹತ್ತುವುದಿಲ್ಲ. ಕೆಲವು ವರ್ಷ ಗೂಡು ಸಿಗದಿದ್ದರೆ ಅದು ಮೊಟ್ಟೆ ಇಡುವ ತಾಣ ಎಂಬ ವಾದವೇ ಉಳಿಯುವುದಿಲ್ಲ. ಮುಂದಿನ ಸಲ ನಕ್ಷೆ ಬರೆಯುವಾಗ ಆ ದಂಡೆ ತಾನಾಗಿಯೇ ಗಟ್ಟಿ ರಕ್ಷಣೆಯ ಪಟ್ಟಿಯಿಂದ ಹೊರಗೆ. ಯಾರೂ ಕಾನೂನು ಮುರಿಯಬೇಕಾಗಿಲ್ಲ.

ಇದು ಹೊನ್ನಾವರಕ್ಕೆ ನಿಲ್ಲುವ ವಿಷಯವೂ ಅಲ್ಲ. ಕಾರವಾರದಲ್ಲಿ 2020ರಲ್ಲಿ ಬಂದರು ವಿಸ್ತರಣೆಯ ವಿರುದ್ಧ ಊರೇ ಬಂದ್ ಆಗಿತ್ತು. ಸೀಬರ್ಡ್ ನೌಕಾನೆಲೆಗೆ ಹಲವು ದಂಡೆಗಳು ಹೋದ ಮೇಲೆ ಉಳಿದ ಟ್ಯಾಗೋರ್ ಬೀಚೂ ಹೋಗುತ್ತದೆ ಎಂಬ ಸಿಟ್ಟು ಅದು. ಅಂಕೋಲಾದ ಕೇಣಿಯಲ್ಲಿ 4 ಸಾವಿರ ಕೋಟಿ ರೂಪಾಯಿ ದಾಟುವ ಬಂದರು ಯೋಜನೆ ಸಾಲಿನಲ್ಲಿದೆ, ಅಲ್ಲೂ ಮೀನುಗಾರರ ವಿರೋಧ ಜೋರಾಗಿದೆ. ನಡುವೆ ಇರುವ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಸೇರಿತು. ನಕ್ಷೆಯಲ್ಲಿ ಇವೆಲ್ಲ ಬೇರೆ ಬೇರೆ ಯೋಜನೆಗಳು. ಕಡಲಿಗೆ ಇದು ಒಂದೇ ದಂಡೆ, ಒಂದೇ ಮರಳು.

ಸಿಆರ್‌ಝಡ್ ಅಧಿಸೂಚನೆಯಲ್ಲೇ ಒಂದು ದಾರಿ ಇದೆ, ಅದರ ಬಗ್ಗೆ ಮಾತು ಕಡಿಮೆ. ಜಾಸ್ತಿ ಕೊರೆತವಿರುವ ದಂಡೆಯಲ್ಲಿ, ದೇಶದ ರಕ್ಷಣೆಗೆ ಸಂಬಂಧಿಸಿದ್ದನ್ನು ಬಿಟ್ಟು, ಬಂದರು ಕಟ್ಟುವಂತಿಲ್ಲ. ಕಡಿಮೆ ಮತ್ತು ಮಧ್ಯಮ ಕೊರೆತದ ಕಡೆ ಕಟ್ಟಬೇಕಾದರೆ ಆ ಭಾಗದ ಎಲ್ಲ ಯೋಜನೆಗಳ ಒಟ್ಟು ಪರಿಣಾಮವನ್ನು ಅಧ್ಯಯನ ಮಾಡಬೇಕು. ಅಂದರೆ ಪ್ರಶ್ನೆ ಆಮೆಯಿಂದ ಮರಳಿಗೆ ಸರಿದರೆ ಕಾನೂನಿಗೆ ಆಗಲೂ ಹಿಡಿತ ಸಿಗುತ್ತದೆ. ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಮಾಡಿದ ಅವಸರದ ಅಧ್ಯಯನ ಇದಕ್ಕೆ ಸಾಲದು. ಮರಳು ಹೋಗುವುದು ಮಳೆಗಾಲದಲ್ಲಿ, ಬರುವುದು ಆಮೇಲೆ. ಎರಡನ್ನೂ ನೋಡಲು ಕಡಿಮೆಯೆಂದರೂ ಇಡೀ ಒಂದು ವರ್ಷ ಬೇಕು.

ಕೇಣಿಯದೋ ಹೊನ್ನಾವರದ್ದೋ, ಮುಂದೆ ಪರಿಸರ ವರದಿಯೊಂದು ಕೈಗೆ ಬಂದಾಗ ಓದುಗರು ಎರಡು ಪುಟ ಹುಡುಕಿ ನೋಡಬಹುದು. ಆಮೆಯ ಸಮೀಕ್ಷೆ ಯಾವ ತಿಂಗಳಲ್ಲಿ, ಎಷ್ಟು ದಿನ ನಡೆಯಿತು ಎಂಬುದು ಒಂದು. ದಂಡೆಯ ಮರಳನ್ನು ಜುಲೈನಲ್ಲಿ ಯಾರಾದರೂ ಅಳೆದಿದ್ದಾರೆಯೇ ಎಂಬುದು ಇನ್ನೊಂದು.